ಮತವಿಲ್ಲದವರ ಪ್ರತಿನಿಧಿಗೆ ಲೆಕ್ಕ ಕೇಳುವವರು ಯಾರು?

ದುರ್ಬಲ ಸಮುದಾಯವೊಂದರ ಪರವಾಗಿ ಬೀದಿಯಲ್ಲಿ ಹೋರಾಡಿದವರು ಚುನಾವಣಾ ಕಣಕ್ಕಿಳಿದಾಗ ಆ ಸಮುದಾಯದಲ್ಲಿ ಹೊಸ ನಿರೀಕ್ಷೆ ಮೂಡುವುದು ಸಹಜ. ನಮ್ಮವರೊಬ್ಬರು ಶಾಸನ ರಚಿಸುವ ಸ್ಥಳಕ್ಕೆ ತಲುಪಿದರು, ಇನ್ನು ನಮ್ಮ ನೋವು ಅಧಿಕಾರಸ್ಥರ ಕಿವಿಗೆ ಬೀಳುತ್ತದೆ ಎಂದು ಜನರು ನಂಬುತ್ತಾರೆ. ಈ ನಂಬಿಕೆಯಲ್ಲಿ ತಪ್ಪೇನಿಲ್ಲ. ಆದರೆ ಸಂಭ್ರಮದ ನಡುವೆ ಒಂದು ಮುಖ್ಯ ಪ್ರಶ್ನೆ ಬದಿಗೆ ಸರಿಯುತ್ತದೆ. ಯಾರ ಹೆಸರನ್ನು ಮುಂದಿಟ್ಟು ಅವರು ಗೆದ್ದರೋ ಆ ಜನರಿಗೆ ಅವರನ್ನು ಪ್ರಶ್ನಿಸುವ, ಅಗತ್ಯ ಬಿದ್ದರೆ ಆ ಸ್ಥಾನದಿಂದ ಇಳಿಸುವ ಶಕ್ತಿ ಇದೆಯೇ? 2022ರಲ್ಲಿ ಇಟಲಿಯ ಸಂಸತ್ತಿಗೆ ಆಯ್ಕೆಯಾದ ವಲಸೆ ಕಾರ್ಮಿಕರ ನಾಯಕ ಅಬೂಬಕರ್ ಸುಮಾಹೊರೊ ಅವರ ಏಳುಬೀಳು ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಎತ್ತಿದೆ. ದೇಶ ದೂರದ್ದಾದರೂ ಅದರ ಪಾಠ ನಮ್ಮಿಂದ ದೂರದ್ದಲ್ಲ.

ಸುಮಾಹೊರೊ 1980ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಜನಿಸಿದವರು. ಹತ್ತೊಂಬತ್ತರ ಹರೆಯದಲ್ಲಿ, 1999ರಲ್ಲಿ, ಇಟಲಿಗೆ ಬಂದರು. ಕೂಲಿ ಕೆಲಸ ಮಾಡುತ್ತಲೇ ಓದಿದರು. ನೇಪಲ್ಸ್ ವಿಶ್ವವಿದ್ಯಾನಿಲಯದಿಂದ 2010ರಲ್ಲಿ ಸಮಾಜಶಾಸ್ತ್ರದ ಪದವಿ ಪಡೆದರು. ಆ ಬಳಿಕ ಕಾರ್ಮಿಕ ಸಂಘಟನೆಯಲ್ಲಿ ತೊಡಗಿಸಿಕೊಂಡು ದಕ್ಷಿಣ ಇಟಲಿಯ ಹೊಲಗಳಲ್ಲಿ ದುಡಿಯುವ ವಲಸಿಗರ ದನಿಯಾದರು.

ಆ ಹೊಲಗಳ ಸ್ಥಿತಿಯನ್ನು ತಿಳಿಯದೆ ಈ ನಾಯಕತ್ವದ ಮಹತ್ವ ಅರ್ಥವಾಗದು. ಜಗತ್ತಿನ ಮಾರುಕಟ್ಟೆಗಳಿಗೆ ಡಬ್ಬಿಯಲ್ಲಿ ಬರುವ ಇಟಲಿಯ ಟೊಮೇಟೊದ ದೊಡ್ಡ ಪಾಲು ಪೂಲ್ಯಾ ಪ್ರಾಂತದ ಫೋಜಾ ಬಯಲಿನಲ್ಲಿ ಬೆಳೆಯುತ್ತದೆ. ಅದನ್ನು ಕೀಳುವವರಲ್ಲಿ ಆಫ್ರಿಕಾದ, ಪೂರ್ವ ಯುರೋಪಿನ, ಏಷ್ಯಾದ ವಲಸಿಗರು ಬಹಳ. ಅವರನ್ನು ಕೆಲಸಕ್ಕೆ ಕರೆದೊಯ್ಯುವವನು ಮೇಸ್ತ್ರಿ. ವಾಹನಕ್ಕೆಂದು, ಊಟಕ್ಕೆಂದು, ನೀರಿಗೆಂದು ಅವರ ಕೂಲಿಯಲ್ಲಿ ಆತ ಪಾಲು ಮುರಿದುಕೊಳ್ಳುತ್ತಾನೆ. ಸುಮಾರು 300 ಕಿಲೋ ಹಿಡಿಯುವ ಒಂದು ಪೆಟ್ಟಿಗೆ ತುಂಬಿಸಿದರೆ ಮೂರೋ ನಾಲ್ಕೋ ಯೂರೋ ಕೊಡುವ ಪದ್ಧತಿ ವರ್ಷಗಳ ಕಾಲ ನಡೆಯಿತು. ತಗಡು, ಪ್ಲಾಸ್ಟಿಕ್, ಹಲಗೆಗಳಿಂದ ಕಟ್ಟಿದ ಜೋಪಡಿಗಳೇ ಅವರ ವಾಸಸ್ಥಾನ. 2016ರಲ್ಲಿ ಇಟಲಿ 199ನೇ ಕಾನೂನನ್ನು ಜಾರಿಗೆ ತಂದು ಮೇಸ್ತ್ರಿಯನ್ನು ಮಾತ್ರವಲ್ಲದೆ ಇಂತಹ ಶೋಷಣೆಯ ಲಾಭ ಪಡೆಯುವ ಮಾಲೀಕನನ್ನೂ ಶಿಕ್ಷೆಗೆ ಗುರಿಪಡಿಸಿತು. ಕಾನೂನು ಒಳ್ಳೆಯದೇ. ಆದರೆ ದೂರು ಕೊಡಬೇಕಾದವನ ಬಳಿ ವಾಸದ ಪರವಾನಗಿಯೇ ಇಲ್ಲದಿದ್ದಾಗ ಆತ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಾದರೂ ಹೇಗೆ?

2018ರ ಜೂನ್ 2ರಂದು ಕಲಾಬ್ರಿಯಾ ಪ್ರಾಂತದಲ್ಲಿ ಸುಮೈಲಾ ಸಾಕೊ ಎಂಬ ಮಾಲಿ ದೇಶದ 29 ವರ್ಷದ ಕಾರ್ಮಿಕನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಜೋಪಡಿಗೆ ಹೊದಿಸಲೆಂದು ಪಾಳುಬಿದ್ದ ಕಾರ್ಖಾನೆಯೊಂದರಿಂದ ತಗಡಿನ ಹಾಳೆಗಳನ್ನು ಆರಿಸಿಕೊಳ್ಳುತ್ತಿದ್ದುದೇ ಆತನ ‘ಅಪರಾಧ’. ಆತ ಸುಮಾಹೊರೊ ಅವರಿದ್ದ ಕಾರ್ಮಿಕ ಸಂಘದ ಕಾರ್ಯಕರ್ತನೂ ಆಗಿದ್ದ. ಈ ಕೊಲೆಯ ವಿರುದ್ಧ ನಡೆದ ಪ್ರತಿಭಟನೆಗಳು ಸುಮಾಹೊರೊ ಅವರನ್ನು ದೇಶದಾದ್ಯಂತ ಪರಿಚಯಿಸಿದವು. ಅದೇ ತಿಂಗಳು ಇಟಲಿಯ ಪ್ರಮುಖ ವಾರಪತ್ರಿಕೆ ಲೆಸ್ಪ್ರೆಸ್ಸೊ, ವಲಸೆ ವಿರೋಧಿ ಗೃಹಸಚಿವ ಮತ್ತೆಯೊ ಸಾಲ್ವಿನಿಯವರ ಮುಖದ ಪಕ್ಕದಲ್ಲಿ ಸುಮಾಹೊರೊ ಅವರ ಮುಖವನ್ನಿಟ್ಟು ಮುಖಪುಟ ಪ್ರಕಟಿಸಿತು. ಕೊರೋನಾ ಕಾಲದಲ್ಲಿ, 2020ರ ಮೇ 21ರಂದು, ಅವರು ಹೊಲದ ಕಾರ್ಮಿಕರ ಮುಷ್ಕರಕ್ಕೆ ಕರೆ ನೀಡಿದರು. ಜೂನ್‌ನಲ್ಲಿ ರೋಮ್‌ನ ಉದ್ಯಾನವೊಂದರಲ್ಲಿ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಉಪವಾಸ ಕುಳಿತು, ಪ್ರಧಾನಿ ಜುಸೆಪ್ಪೆ ಕೊಂತೆಯವರು ಮಾತುಕತೆಗೆ ಕರೆಯುವಂತೆ ಮಾಡಿದರು. ಅದೇ ವರ್ಷ ಹೊಲದ ಕೂಲಿಗಳದ್ದೇ ಆದ ಹೊಸ ಸಂಘವೊಂದನ್ನು ಕಟ್ಟಿದರು.

ಇಷ್ಟೆಲ್ಲ ಆದ ಮೇಲೆ ರಾಜಕೀಯ ಪಕ್ಷಗಳು ಅವರನ್ನು ಹುಡುಕಿಕೊಂಡು ಬಂದುದರಲ್ಲಿ ಆಶ್ಚರ್ಯವಿಲ್ಲ. 2022ರ ಸೆಪ್ಟೆಂಬರ್ 25ರ ಚುನಾವಣೆಯಲ್ಲಿ ಹಸಿರು ಪಕ್ಷ ಹಾಗೂ ಎಡಪಂಥೀಯರ ಒಕ್ಕೂಟ ಅವರನ್ನು ಕಣಕ್ಕಿಳಿಸಿತು. ಮೊಡೆನಾದ ನೇರ ಸ್ಪರ್ಧೆಯಲ್ಲಿ ಅವರು ಸೋತರೂ ಪ್ರಮಾಣಾನುಗುಣ ಪಟ್ಟಿಯ ಮೂಲಕ ಕೆಳಮನೆ ತಲುಪಿದರು. ಅಕ್ಟೋಬರ್ 13ರಂದು ಕೆಸರು ಮೆತ್ತಿದ ರಬ್ಬರ್ ಬೂಟು ತೊಟ್ಟು, ಮುಷ್ಟಿ ಎತ್ತಿ ಸಂಸತ್ತಿಗೆ ಬಂದರು. ಅದೇ ತಿಂಗಳ 25ರಂದು ನೂತನ ಪ್ರಧಾನಿ ಜಾರ್ಜಾ ಮೆಲೊನಿಯವರು ಸದನದಲ್ಲಿ ಉತ್ತರಿಸುತ್ತಾ ಅವರನ್ನು ಏಕವಚನದಲ್ಲಿ ಸಂಬೋಧಿಸಿದರು. ಸದನದಲ್ಲಿ ಆಕ್ಷೇಪ ಕೇಳಿಬಂದಾಗ ಕ್ಷಮೆ ಯಾಚಿಸಿದರು. ‘ನೀನು’ ಮತ್ತು ‘ನೀವು’ಗಳ ನಡುವೆ ಎಷ್ಟು ದೊಡ್ಡ ಅಂತರವಿದೆಯೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಅಂದು ಲಕ್ಷಾಂತರ ವಲಸಿಗರು ಅವರಲ್ಲಿ ತಮ್ಮನ್ನೇ ಕಂಡಿದ್ದರೆ ಅದು ಅಸಹಜವಲ್ಲ.

ಆದರೆ ಒಂದೇ ತಿಂಗಳಲ್ಲಿ ಚಿತ್ರ ಬದಲಾಯಿತು. ರೋಮ್‌ನ ದಕ್ಷಿಣಕ್ಕಿರುವ ಲಾತಿನಾ ಜಿಲ್ಲೆಯಲ್ಲಿ ಆಶ್ರಯಾರ್ಥಿಗಳ ಪಾಲನೆಗೆ ಸರಕಾರದ ಹಣ ಪಡೆಯುತ್ತಿದ್ದ ಸಹಕಾರಿ ಸಂಸ್ಥೆಗಳ ವ್ಯವಹಾರದ ಬಗ್ಗೆ ತನಿಖೆ ನಡೆಯುತ್ತಿರುವುದು ನವೆಂಬರ್‌ನಲ್ಲಿ ಬಹಿರಂಗವಾಯಿತು. ಆ ಸಂಸ್ಥೆಗಳನ್ನು ನಡೆಸುತ್ತಿದ್ದವರು ಸುಮಾಹೊರೊ ಅವರ ಅತ್ತೆ. ಪತ್ನಿಗೂ ಅವುಗಳೊಂದಿಗೆ ಸಂಬಂಧವಿತ್ತು. ತಿಂಗಳುಗಟ್ಟಲೆ ಸಂಬಳ ಸಿಕ್ಕಿಲ್ಲವೆಂದು ಅಲ್ಲಿನ ನೌಕರರು ಕಾರ್ಮಿಕ ಸಂಘಗಳಿಗೆ ದೂರಿತ್ತಿದ್ದರು. ಅವರಲ್ಲಿ ವಲಸಿಗರೂ ಇದ್ದರು. ಇತ್ತ ಸುಮಾಹೊರೊ ಅವರ ಸಂಘದ ಕೆಲವು ಹಳೆಯ ಸಂಗಾತಿಗಳು ದೇಣಿಗೆಯ ಹಣದ ಲೆಕ್ಕದ ಬಗ್ಗೆ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ತನಗೆ ಇದಾವುದೂ ತಿಳಿದಿರಲಿಲ್ಲ, ತಾನು ತನಿಖೆಗೆ ಒಳಗಾದವನಲ್ಲ ಎಂದು ಸುಮಾಹೊರೊ ಹೇಳಿದರು. ನವೆಂಬರ್ 24ರಂದು ಸಂಸದೀಯ ಗುಂಪಿನಿಂದ ತಾವಾಗಿ ಬದಿಗೆ ಸರಿದು, 2023ರ ಜನವರಿಯಲ್ಲಿ ಅದನ್ನು ಸಂಪೂರ್ಣವಾಗಿ ತೊರೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಆದೇಶದಂತೆ ಪತ್ನಿ ಮತ್ತು ಅತ್ತೆಯನ್ನು ಗೃಹಬಂಧನದಲ್ಲಿಡಲಾಯಿತು.

ತಪ್ಪಿತಸ್ಥರು ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಒಂದು ಜನಸಮೂಹದ ಮೇಲೆ ಎರಗಬಾರದೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಇಟಲಿಯ ಮಾಧ್ಯಮಗಳ ಒಂದು ವರ್ಗ ಈ ಎಚ್ಚರವನ್ನು ತೋರಲಿಲ್ಲ. ಆ ಮಹಿಳೆಯ ದುಬಾರಿ ಕೈಚೀಲಗಳ ಚಿತ್ರಗಳು ಸಿಕ್ಕಷ್ಟು ಪ್ರಚಾರ ನೌಕರರ ಬಾಕಿ ಸಂಬಳಕ್ಕೆ ಸಿಗಲಿಲ್ಲ. ವಲಸಿಗರ ಪರವಾಗಿ ಮಾತನಾಡುವವರೆಲ್ಲರೂ ಕಪಟಿಗಳು ಎಂದು ಸಾರಲು ಕಾದು ಕುಳಿತಿದ್ದವರಿಗೆ ಇದು ಹಬ್ಬವಾಯಿತು. ಇದು ದ್ವೇಷದ ಹಳೆಯ ವಿಧಾನ. ಬಹುಸಂಖ್ಯಾತ ವರ್ಗದ ರಾಜಕಾರಣಿ ಎಡವಿದರೆ ಅದು ಆ ವ್ಯಕ್ತಿಯ ತಪ್ಪು, ಅಲ್ಪಸಂಖ್ಯಾತ ವರ್ಗದ ರಾಜಕಾರಣಿ ಎಡವಿದರೆ ಅದು ಇಡೀ ಸಮುದಾಯದ ಗುಣ!

ಆದರೆ ದ್ವೇಷಿಗಳನ್ನು ದೂರಿ ಸುಮ್ಮನಾದರೆ ನಮ್ಮ ಹೊಣೆ ತೀರುವುದಿಲ್ಲ. ವಲಸಿಗರ ನಾಯಕರು ರಾಜಕೀಯಕ್ಕೆ ಬಂದಾಗ ಎದುರಾಗುವ ಅಪಾಯಗಳು ಎರಡು ಬಗೆಯವು. ಒಂದು ಹೊರಗಿನದು. ಜರ್ಮನಿಯ ಉದಾಹರಣೆ ನೋಡಿ. ಸಿರಿಯಾದಿಂದ 2015ರಲ್ಲಿ ನಿರಾಶ್ರಿತರಾಗಿ ಬಂದ ತಾರಿಕ್ ಅಲಾವ್ಸ್ ನಿರಾಶ್ರಿತರ ಹಕ್ಕುಗಳಿಗಾಗಿ ದುಡಿದು, 2021ರಲ್ಲಿ ಹಸಿರು ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಲು ಮುಂದಾದರು. ಕೆಲವೇ ವಾರಗಳಲ್ಲಿ ಜನಾಂಗ ದ್ವೇಷದ ನಿಂದನೆಗಳೂ ಬೆದರಿಕೆಗಳೂ ಎಷ್ಟು ಹೆಚ್ಚಿದವೆಂದರೆ, ತಮ್ಮ ಹಾಗೂ ತಮ್ಮ ಆಪ್ತರ ಸುರಕ್ಷತೆಗಾಗಿ ಮಾರ್ಚ್ ಕೊನೆಯಲ್ಲಿ ಅವರು ಹಿಂದೆ ಸರಿದರು. ಈ ಅಪಾಯವನ್ನು ತಡೆಯಬೇಕಾದುದು ಸರಕಾರ ಹಾಗೂ ನಾಗರಿಕ ಸಮಾಜ. ಎರಡನೆಯ ಅಪಾಯ ಒಳಗಿನದು. ಅದನ್ನು ತಡೆಯಬೇಕಾದವರು ನಾವೇ. ಇಟಲಿಯಲ್ಲಿ ತೆರೆದುಕೊಂಡದ್ದು ಈ ಎರಡನೆಯದು.

ಇಲ್ಲಿ ಇತಿಹಾಸದ ಒಂದು ಪುಟವನ್ನು ನೆನಪಿಸುವುದು ಉಚಿತ. ಸುಮಾಹೊರೊ ಅವರು ದುಡಿದ ಅದೇ ಫೋಜಾ ಬಯಲಿನ ಚೆರಿನ್ಯೋಲಾ ಪಟ್ಟಣದಲ್ಲಿ 1892ರಲ್ಲಿ ಜುಸೆಪ್ಪೆ ದಿ ವಿತ್ತೋರಿಯೊ ಜನಿಸಿದರು. ತಂದೆಯನ್ನು ಕಳೆದುಕೊಂಡು ಬಾಲ್ಯದಲ್ಲೇ ಹೊಲದ ಕೂಲಿಗೆ ಹೋದವರು. ಕೂಲಿಗಳನ್ನು ಸಂಘಟಿಸಿದ್ದಕ್ಕಾಗಿ ಜೈಲು ಸೇರಿದ್ದ ಅವರನ್ನು 1921ರಲ್ಲಿ ಜನರು ಸಂಸತ್ತಿಗೆ ಆರಿಸಿ ಕಳುಹಿಸಿದರು. ಮುಂದೆ ಅವರು ಇಟಲಿಯ ಅತಿ ದೊಡ್ಡ ಕಾರ್ಮಿಕ ಒಕ್ಕೂಟದ ನೇತೃತ್ವ ವಹಿಸಿದರು. ಇಬ್ಬರೂ ಹೊಲದ ಕೂಲಿಗಳ ನಾಯಕರೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. 1912ರ ಸುಧಾರಣೆಯ ಬಳಿಕ ಇಟಲಿಯಲ್ಲಿ ಅನಕ್ಷರಸ್ಥ ಗಂಡಸರಿಗೂ ಮತದಾನದ ಹಕ್ಕು ದೊರೆತಿತ್ತು. ಆದ್ದರಿಂದ ದಿ ವಿತ್ತೋರಿಯೊರನ್ನು ಆರಿಸಿದ ಕೂಲಿಗಳಿಗೆ ಅವರನ್ನು ಇಳಿಸುವ ಶಕ್ತಿಯೂ ಇತ್ತು. ಸುಮಾಹೊರೊ ಅವರ ಕೂಲಿಗಳಲ್ಲಿ ಹೆಚ್ಚಿನವರು ಇಟಲಿಯ ಪ್ರಜೆಗಳೇ ಅಲ್ಲ. 1992ರ ಪೌರತ್ವ ಕಾನೂನಿನಂತೆ ಯುರೋಪಿಯನ್ ಒಕ್ಕೂಟದ ಹೊರಗಿನವರು ಹತ್ತು ವರ್ಷ ಕಾನೂನುಬದ್ಧವಾಗಿ ವಾಸಿಸಿದ ಬಳಿಕವೇ ಅರ್ಜಿ ಹಾಕಬಹುದು. ಇದನ್ನು ಐದು ವರ್ಷಕ್ಕಿಳಿಸಲು 2025ರ ಜೂನ್ 8 ಮತ್ತು 9ರಂದು ನಡೆದ ಜನಮತಗಣನೆಯಲ್ಲಿ ಸುಮಾರು ಶೇ. 30 ಮಂದಿ ಮಾತ್ರ ಮತ ಹಾಕಿದರು. ಅರ್ಧಕ್ಕಿಂತ ಹೆಚ್ಚು ಮತದಾರರು ಭಾಗವಹಿಸಬೇಕೆಂಬ ನಿಯಮದ ಕಾರಣ ಅದು ಬಿದ್ದುಹೋಯಿತು.

ಪರಿಣಾಮವೇನು? ನಾಯಕ ಯಾರ ನೋವನ್ನು ಹೊತ್ತು ಸಂಸತ್ತಿಗೆ ಹೋದರೋ ಅವರ ಕೈಯಲ್ಲಿ ಮತಪತ್ರವಿರಲಿಲ್ಲ. ಮತ ಹಾಕಿದವರಿಗೆ ಆ ಹೊಲಗಳ ಪರಿಚಯವಿರಲಿಲ್ಲ. ಪಕ್ಷಕ್ಕೆ ಬೇಕಾಗಿದ್ದುದು ಒಂದು ಮುಖ. ಅಭ್ಯರ್ಥಿಯ ಆಯ್ಕೆಗೆ ಮೊದಲೇ ಒಳಗಿನಿಂದ ಆಕ್ಷೇಪಗಳು ಬಂದಿದ್ದವೆಂಬ ಮಾತು ಎಲ್ಲ ಮುಗಿದ ಮೇಲೆ ಹೊರಬಂತು. ಹೀಗೆ ಲೆಕ್ಕ ಕೇಳಬೇಕಾದವರಿಗೆ ಶಕ್ತಿಯಿರಲಿಲ್ಲ, ಶಕ್ತಿಯಿದ್ದವರಿಗೆ ಲೆಕ್ಕ ಕೇಳುವ ಮನಸ್ಸಿರಲಿಲ್ಲ. ಕೊನೆಗೆ ಲೆಕ್ಕ ಕೇಳಿದವರು ವಿರೋಧಿಗಳು. ವಿರೋಧಿಗಳು ಲೆಕ್ಕ ಕೇಳುವುದು ತಿದ್ದಲಿಕ್ಕಲ್ಲ, ಮುಗಿಸಲಿಕ್ಕೆ.

ಮತ್ತು ಇದರ ಬೆಲೆ ತೆತ್ತವರು ಯಾರು? 2024ರ ಜೂನ್‌ನಲ್ಲಿ ಅದೇ ಲಾತಿನಾ ಜಿಲ್ಲೆಯ ತೋಟವೊಂದರಲ್ಲಿ ದಾಖಲೆಗಳಿಲ್ಲದೆ ದುಡಿಯುತ್ತಿದ್ದ ಪಂಜಾಬಿನ 31 ವರ್ಷದ ಕಾರ್ಮಿಕನ ತೋಳು ಯಂತ್ರಕ್ಕೆ ಸಿಲುಕಿ ತುಂಡಾಯಿತು. ಆಸ್ಪತ್ರೆಗೆ ಸೇರಿಸಬೇಕಾದ ಮಾಲೀಕ ಆತನನ್ನು ಮನೆಯ ಬಳಿ ಬಿಟ್ಟು ಹೋದ. ಕತ್ತರಿಸಿದ ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಡಲಾಗಿತ್ತು. ಎರಡು ದಿನಗಳ ಬಳಿಕ, ಜೂನ್ 19ರಂದು, ಆತ ರೋಮ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ನಮ್ಮದೇ ದೇಶದ ಈ ಮಗನ ಸಾವಿನಿಂದ ಇಟಲಿ ಬೆಚ್ಚಿತು. ಇಂತಹ ಸಂದರ್ಭದಲ್ಲಿ ಹೊಲದ ಕೂಲಿಗಳ ಪ್ರತಿನಿಧಿಯಾಗಿ ಸಂಸತ್ತಿಗೆ ಹೋದವರ ಮಾತಿಗೆ ಎಷ್ಟು ತೂಕವಿರಬೇಕಾಗಿತ್ತು! ಆದರೆ ಅಷ್ಟರಲ್ಲಿ ಆ ಮಾತಿನ ತೂಕ ಕಳೆದುಹೋಗಿತ್ತು.

ಗಮನಾರ್ಹ ಸಂಗತಿಯೆಂದರೆ ಅದೇ ಲಾತಿನಾದಲ್ಲಿ ಇನ್ನೊಂದು ದಾರಿಯೂ ಕಾಣಸಿಕ್ಕಿತ್ತು. 2016ರ ಏಪ್ರಿಲ್ 18ರಂದು ಅಲ್ಲಿನ ಸಾವಿರಾರು ಪಂಜಾಬಿ ಕಾರ್ಮಿಕರು ಕೆಲಸ ನಿಲ್ಲಿಸಿ ನಗರದ ಚೌಕದಲ್ಲಿ ಸೇರಿದರು. ಅವರ ಗುರುದ್ವಾರ, ಇಟಲಿಯ ಕಾರ್ಮಿಕ ಸಂಘ, ಅವರ ನಡುವೆ ದುಡಿದು ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞ ಮಾರ್ಕೊ ಒಮಿಝೊಲೊ, ಹೀಗೆ ಹಲವರ ಶ್ರಮ ಅದರ ಹಿಂದಿತ್ತು. ಮತವಿಲ್ಲದಿದ್ದರೂ ಅವರು ತಮ್ಮ ಬಾಯಿಯಿಂದಲೇ ಮಾತನಾಡಿದರು. ಆ ಹೋರಾಟ ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಂತಿರಲಿಲ್ಲವಾದ್ದರಿಂದ ಒಬ್ಬ ವ್ಯಕ್ತಿ ಬಿದ್ದರೆ ಅದು ಬೀಳುವಂತಿರಲಿಲ್ಲ.

ಇಸ್ಲಾಮ್ ನಾಯಕತ್ವವನ್ನು ಅಮಾನತ್ ಎಂದು ಕರೆಯುತ್ತದೆ. ಅಮಾನತ್ ಎಂದರೆ ಇನ್ನೊಬ್ಬರ ಸೊತ್ತು. ಅದನ್ನು ಇಟ್ಟುಕೊಂಡವರು ಕೇಳಿದಾಗ ತೋರಿಸಬೇಕು. ಝಕಾತ್ ಸಂಗ್ರಹಿಸಲು ಕಳುಹಿಸಲಾಗಿದ್ದ ಅಧಿಕಾರಿಯೊಬ್ಬರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ ಅದನ್ನು ಬಹಿರಂಗವಾಗಿ ಖಂಡಿಸಿದರು. ತಾಯ್ತಂದೆಯರ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು. ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಹುದ್ದೆಯ ಕಾರಣದಿಂದ ಮನೆಗೆ ಬಂದ ಲಾಭ ಮನೆಯದ್ದಲ್ಲ ಎಂಬ ನಿಯಮ ಇಂದಿನ ಭ್ರಷ್ಟಾಚಾರ ವಿರೋಧಿ ಕಾನೂನುಗಳಿಗಿಂತ ಶತಮಾನಗಳಷ್ಟು ಹಳೆಯದು. ಖಲೀಫಾ ಉಮರ್(ರ) ತಮ್ಮ ಪುತ್ರ ಅಬ್ದುಲ್ಲಾ(ರ) ಅವರ ಒಂಟೆಗಳು ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಕೊಬ್ಬಿರುವುದನ್ನು ಕಂಡು, ಅವುಗಳನ್ನು ಮಾರಿ ಅಸಲನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಬೈತುಲ್‌ಮಾಲ್‌ಗೆ ಸೇರಿಸಲು ಆದೇಶಿಸಿದರೆಂದು ವರದಿಯಾಗಿದೆ. ಪುತ್ರ ಕಳ್ಳತನ ಮಾಡಿರಲಿಲ್ಲ. ಆದರೆ ಖಲೀಫರ ಪುತ್ರನ ಒಂಟೆಗಳೆಂಬ ಕಾರಣಕ್ಕೆ ಕಾವಲುಗಾರರು ಅವುಗಳಿಗೆ ಮೊದಲ ಪಾಲು ಕೊಟ್ಟಿರಬಹುದಲ್ಲವೇ ಎಂಬುದೇ ತಂದೆಯ ಆತಂಕವಾಗಿತ್ತು. ಮನೆಯವರ ವ್ಯವಹಾರ ನನಗೆ ಗೊತ್ತಿರಲಿಲ್ಲ ಎಂಬ ಉತ್ತರ ನ್ಯಾಯಾಲಯದಲ್ಲಿ ಸಾಕಾಗಬಹುದು. ಅಮಾನತ್ ಹೊತ್ತವರಿಗೆ ಅದು ಸಾಕಾಗದು.

ಈಗ ನಮ್ಮ ಪಟ್ಟಣಗಳತ್ತ ನೋಡೋಣ. ಜಮಾಅತ್ ಕಮಿಟಿಯಲ್ಲಿ, ಪರಿಹಾರ ಕಾರ್ಯದಲ್ಲಿ, ಗಲ್ಫ್‌ನಲ್ಲಿ ಸಂಕಷ್ಟಕ್ಕೀಡಾದವರ ನೆರವಿನಲ್ಲಿ ಹೆಸರು ಮಾಡಿದವರು ಪುರಸಭೆಗೋ ವಿಧಾನಸಭೆಗೋ ಸ್ಪರ್ಧಿಸುವುದು ಇಲ್ಲಿಯೂ ಇದೆ. ಅವರ ನಿಜವಾದ ಬಲ ಯಾರು? ಹಲವು ಬಾರಿ, ಮತಗಟ್ಟೆಗೆ ಬರಲಾಗದವರು. 2010ರ ತಿದ್ದುಪಡಿಯು ಅನಿವಾಸಿ ಭಾರತೀಯರಿಗೆ ಮತದ ಹಕ್ಕನ್ನೇನೋ ನೀಡಿತು. ಆದರೆ ಊರಿಗೆ ಬಂದು ಖುದ್ದಾಗಿ ಮತ ಹಾಕಬೇಕು. ವಿಮಾನದ ಟಿಕೆಟಿಗೆ ತಿಂಗಳ ಸಂಬಳ ಸುರಿಯಬೇಕಾದ ಕಾರ್ಮಿಕನಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಹಣ ಕಳುಹಿಸುವವನು ಅವನು, ಆ ಹಣದಿಂದ ನಡೆದ ಸೇವೆಯ ಕೀರ್ತಿಯಿಂದ ಗೆಲ್ಲುವವರು ಇನ್ನೊಬ್ಬರು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ದುಡಿಯುವ ಅಸ್ಸಾಮಿನ ಕುಟುಂಬಗಳ ಸ್ಥಿತಿಯೂ ಇದೇ. ಮತ ಊರಿನಲ್ಲಿ, ಬದುಕು ಇಲ್ಲಿ.

ಹಾಗಾದರೆ ರಾಜಕೀಯದಿಂದ ದೂರವಿರಬೇಕೇ? ಖಂಡಿತ ಅಲ್ಲ. ನಾವು ಖಾಲಿ ಬಿಟ್ಟ ಸ್ಥಾನವನ್ನು ನಮ್ಮ ಹಿತೈಷಿಗಳಲ್ಲದವರು ತುಂಬುತ್ತಾರೆ. ಪ್ರಶ್ನೆ ಹೋಗಬೇಕೇ ಬೇಡವೇ ಎಂಬುದಲ್ಲ, ಹೋಗುವವರನ್ನು ಹೇಗೆ ಕಳುಹಿಸಬೇಕೆಂಬುದು. ಸಮಾಜಸೇವಕರೊಬ್ಬರು ಸ್ಪರ್ಧಿಸಲು ನಿರ್ಧರಿಸಿದ ದಿನವೇ ತಮ್ಮ ಸಂಸ್ಥೆಯ ಹಣಕಾಸಿನ ಹೊಣೆಯನ್ನು ಇತರರಿಗೆ ಒಪ್ಪಿಸಲಿ. ಅದುವರೆಗಿನ ಲೆಕ್ಕವನ್ನು ಲೆಕ್ಕಪರಿಶೋಧಕರಿಂದ ಪರಿಶೀಲಿಸಿ ಮಸೀದಿಯ ಫಲಕದಲ್ಲಿ ಹಾಕಲಿ. ಸರಕಾರದ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ಮನೆಯವರಿದ್ದರೆ ಅದನ್ನು ತಾವಾಗಿಯೇ ಜನರಿಗೆ ತಿಳಿಸಲಿ. ಗೆದ್ದ ಬಳಿಕ ವರ್ಷಕ್ಕೊಮ್ಮೆಯಾದರೂ, ಮತವಿಲ್ಲದ ಆದರೆ ಅವರ ಹೆಸರಿನ ಹಿಂದಿರುವ ಜನರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಲಿ. ಇದಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ನಮ್ಮ ಜಮಾಅತ್‌ಗಳು ಮನಸ್ಸು ಮಾಡಿದರೆ ಸಾಕು.

ಇಲ್ಲಿ ದೊಡ್ಡ ತಡೆ ನಮ್ಮೊಳಗೇ ಇದೆ. ನಮ್ಮವರನ್ನು ಪ್ರಶ್ನಿಸಿದರೆ ಶತ್ರುಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂಬ ವಾದವನ್ನು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಸುಮಾಹೊರೊ ಪ್ರಕರಣ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ. ಸಕಾಲದಲ್ಲಿ ಆಪ್ತರು ಕೇಳದೆ ಬಿಟ್ಟ ಪ್ರಶ್ನೆಯೇ ಶತ್ರುಗಳ ಕೈಯಲ್ಲಿ ಅಸ್ತ್ರವಾಗುತ್ತದೆ. ಸೂರಃ ಅನ್ನಿಸಾದ 135ನೇ ಸೂಕ್ತವು ನಮಗೇ, ನಮ್ಮ ತಾಯ್ತಂದೆಯರಿಗೇ, ಬಂಧುಗಳಿಗೇ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಲು ಆಜ್ಞಾಪಿಸುತ್ತದೆ. ಅಬೂಬಕರ್ ಸಿದ್ದೀಕ್(ರ) ಖಲೀಫರಾದ ದಿನ ತಾನು ಸರಿಯಿದ್ದರೆ ಸಹಕರಿಸಿ, ತಪ್ಪಿದರೆ ತಿದ್ದಿ ಎಂದು ಜನರನ್ನು ಕೇಳಿಕೊಂಡರು. ಉಮ್ಮತ್‌ನ ಅತ್ಯಂತ ವಿಶ್ವಾಸಾರ್ಹ ವ್ಯಕ್ತಿಗೆ ಇಂತಹ ತಿದ್ದುವಿಕೆಯ ಅಗತ್ಯ ಕಂಡಿತ್ತೆಂದ ಮೇಲೆ ಇಂದಿನ ನಾಯಕರು ಅದರಿಂದ ಹೊರತಾಗುವುದು ಹೇಗೆ?

ಮುಂದಿನ ಚುನಾವಣೆಯಲ್ಲಿ ನಮ್ಮ ಬೀದಿಯ ಸೇವಕರೊಬ್ಬರು ಮತ ಕೇಳಲು ಬಂದಾಗ ಅವರಿಗೆ ಹಾರ ಹಾಕುವ ಮೊದಲು ಲೆಕ್ಕ ಕೇಳೋಣ. ಅವರು ಪ್ರಾಮಾಣಿಕರಾಗಿದ್ದರೆ ಸಂತೋಷದಿಂದ ಕೊಡುತ್ತಾರೆ. ಅದರಿಂದ ಅವರ ಬಲ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ದೂರದ ಮರುಭೂಮಿಯಲ್ಲಿ, ಪರರ ತೋಟದಲ್ಲಿ ದುಡಿಯುತ್ತಾ ತನ್ನ ಪರವಾಗಿ ಮಾತನಾಡುವವರೊಬ್ಬರಿದ್ದಾರೆಂದು ನಂಬಿರುವವನಿಗೆ ಇದನ್ನು ಕೇಳುವ ಅವಕಾಶವಿಲ್ಲ. ಅವಕಾಶವಿರುವ ನಾವು ಅವನ ಪರವಾಗಿ ಕೇಳಬೇಕು. ನಾಳೆ ಅಲ್ಲಾಹನ ಮುಂದೆ ಅಮಾನತ್ ಹೊತ್ತವರನ್ನು ವಿಚಾರಿಸಲಾಗುವುದು. ಅದನ್ನು ಅವರ ಕೈಗಿತ್ತು ಸುಮ್ಮನೆ ಕುಳಿತ ನಮ್ಮನ್ನೂ ವಿಚಾರಿಸಲಾಗದೇ?